ಅಜ್ಜಿಯ ಇರುವೆ, ನನ್ನ ಗಿಡ

ಆಗಸ್ಟ್ ಹನ್ನೊಂದು, ಬೆಳಗ್ಗೆ ಏಳೂವರೆ. ಜಮಖಂಡಿಯ ನಮ್ಮ ಮನೆಯ ಕಿಟಕಿಯ ಬಳಿ ನಿಂತು ಅಜ್ಜಿ ಕೂಗಿದಳು: “ಲೇ ತಮ್ಮಾ, ನಾ ದಿನಾ ಸಕ್ಕರಿ ಹಾಕೋ ಇರುವಿಗಳನ್ನ ನಿನ್ನ ಗಿಡ ನುಂಗಾಕತ್ತೈತಿ! ಮೊದಲ ಇದನ್ನ ತಿಪ್ಪಿಗೆ ಒಗದ ಬಾ.”

ಖಾನಾಪುರದ ಕಡೆಯಿಂದ ಮಣ್ಣಿನ ಕುಡಿಕೆಯಲ್ಲಿ ನಾನು ತಂದಿದ್ದ, ರೂಪಾಯಿಯಗಲದ ಕೆಂಪು ಗಿಡವದು. ಎಲೆಯ ಅಂಟಿಗೆ ಸಿಕ್ಕ ಹುಳುವೇ ಅದರ ಊಟ. ತಂದಾಗಿನಿಂದ ಬಾಡುತ್ತಲೇ ಇತ್ತು.

“ಅದಕ್ಕೂ ಹೊಟ್ಟಿ ಐತಲ್ಲ ಅಜ್ಜಿ,” ಎಂದೆ.

ಅಜ್ಜಿ ಕುಡಿಕೆಯನ್ನು ಎತ್ತಿಕೊಂಡಳು. ಗಿಡದ ಕತೆ ಮುಗಿಯಿತೆಂದುಕೊಂಡೆ. ಆದರೆ ಹಾಲಿನ ಕಪಾಟಿಗೆ ಇರುವೆ ಹತ್ತದಂತೆ ಅದರ ಕಾಲಡಿ ನೀರು ಹಾಕಿ ಇಡುವ ಬಟ್ಟಲುಗಳಲ್ಲೊಂದನ್ನು ತಂದು, ಮಳೆನೀರು ತುಂಬಿ, ಕುಡಿಕೆಯನ್ನು ಅದರೊಳಗೆ ಇಟ್ಟಳು. “ನುಸಿ ಬೇಕಾದಷ್ಟು ತಿನ್ನಲಿ. ನನ್ನ ಇರುವಿ ತಂಟೇಕ ಬರಬಾರದು.”

ಮುಂದಿನ ವಾರ ದಿನಚರಿಯಲ್ಲಿ ಬರೆದೆ: ಹೊಸ ಎಲೆ ಎರಡು, ನುಸಿ ಐದು, ಇರುವೆ ಸೊನ್ನೆ. ಗಿಡಕ್ಕೆ ಬೇಕಾಗಿದ್ದುದು ಬುಡದಲ್ಲಿ ಸದಾ ನೀರು. ಇರುವೆಗಳನ್ನು ಉಳಿಸಲು ಅಜ್ಜಿ ಇಟ್ಟ ಬಟ್ಟಲು ಗಿಡವನ್ನೂ ಉಳಿಸಿತ್ತು. ನನಗೂ ಹೋದ ಜೀವ ಬಂದಂತಾಯಿತು.

ಇನ್ನು ಬೇಸಿಗೆಯದೇ ಚಿಂತೆ. ನಮ್ಮ ಬಿಸಿಲಲ್ಲಿ ಇದನ್ನು ಮನೆಯೊಳಗೆ ಉಳಿಸಿಕೊಳ್ಳುವ ಬಗೆ ಬಲ್ಲವರು ದಯವಿಟ್ಟು ಬರೆಯಿರಿ. ಅಜ್ಜಿಯೂ ಕೇಳುತ್ತಿದ್ದಾಳೆ.