ತಿಂದು ನೋಡದೆ ಮಾರದ ಗೌರಕ್ಕ

ಸೋಪು, ಪೊರಕೆ, ಸೊಳ್ಳೆಬತ್ತಿ ಬಿಟ್ಟರೆ, ತಾನು ತಿಂದು ನೋಡದ ಒಂದೇ ಒಂದು ಪದಾರ್ಥವನ್ನೂ ಗೌರಕ್ಕ ತನ್ನ ಅಂಗಡಿಯಲ್ಲಿ ಇಡುತ್ತಿರಲಿಲ್ಲ. ಹೊಸ ಗಿರಾಕಿ ಬಂದು, ನಮ್ಮ ಕಡೆಯ ಇಂಥದ್ದು ಸಿಗುತ್ತದಾ ಎಂದು ಕೇಳಿದರೆ ಇಲ್ಲವೆಂದು ಸಾಗಹಾಕುವ ಜಾಯಮಾನ ಅವಳದಲ್ಲ. "ತರಿಸ್ತೀನಿ. ಮೊದ್ಲು ನಮ್ಮನೇಲಿ ಒಂದ್ಸಲ ಮಾಡಿ ತೋರ್ಸು. ತಿಂದು ನೋಡ್ದೆ ನಾನು ಏನೂ ಮಾರಲ್ಲ ಕಣಮ್ಮ" ಎನ್ನುತ್ತಿದ್ದಳು. ಗಿರಾಕಿಯನ್ನೇ ಒಲೆ ಮುಂದೆ ನಿಲ್ಲಿಸಿಕೊಂಡು ವ್ಯಾಪಾರ ಮಾಡಿದವಳು ಮೂಡಲಪಾಳ್ಯದಲ್ಲಿ ಇವಳೊಬ್ಬಳೇ ಇರಬೇಕು.

ಅವಳ ಮಾವ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡದ ಕೆಳಗೆ ಆ ಅಂಗಡಿ, ಹಿಂದೆ ಅವಳ ಕೋಣೆ. ಭಾಗವಾದಾಗ ಕಟ್ಟಡ ಮೈದುನ ರಾಜಣ್ಣನ ಪಾಲಿಗೆ ಹೋಯಿತು. ಗಂಡನೂ ಮಕ್ಕಳೂ ಇಲ್ಲದ ಅತ್ತಿಗೆ ಬದುಕಿರುವಷ್ಟು ದಿನ ಅಲ್ಲೇ ಇದ್ದುಕೊಳ್ಳಲಿ ಎಂದು ಹತ್ತು ಜನರ ಮುಂದೆ ಮಾತು ಕೊಟ್ಟಿದ್ದ. ಮೇಲಿನ ಮನೆಗಳಲ್ಲೆಲ್ಲ ಅವನ ಬಾಡಿಗೆದಾರರು: ರಾಯಚೂರಿನ ಗಾರೆ ಕೆಲಸದವರು, ಗಾರ್ಮೆಂಟ್ಸಿಗೆ ಹೋಗುವ ಒಡಿಶಾದ ಹುಡುಗಿಯರು, ನೇಪಾಳದಿಂದ ಬಂದ ವಾಚ್‌ಮನ್ ಮತ್ತು ಅವನ ಹೆಂಡತಿ ಮಾಯಾ.

ರಾಗಿಹಿಟ್ಟು, ಹುರಿಗಡಲೆಯ ಅಂಗಡಿಗೆ ಮೊದಲು ಜೋಳದ ಹಿಟ್ಟು, ಗುರೆಳ್ಳು ಪುಡಿ ಬಂತು. ತಂದದ್ದು ರಾಯಚೂರಿನವರಿಗಾಗಿ, ರುಚಿ ಹತ್ತಿದ್ದು ಎದುರು ಮನೆಯ ನಮಗೆ. ಮುದ್ದೆಯಿಲ್ಲದೆ ಊಟವೇ ಇಲ್ಲ ಎನ್ನುತ್ತಿದ್ದ ನನ್ನ ಯಜಮಾನರು ವಾರಕ್ಕೊಮ್ಮೆ ರೊಟ್ಟಿ ಕೇಳುವ ಹಾಗಾದರು.

ಆಮೇಲೆ ಮಾಯಾ ಸಾಸಿವೆ ಎಣ್ಣೆ ಕೇಳಿದಳು. ಗೌರಕ್ಕನಿಗೆ ತಾಳ್ಮೆಯೆಲ್ಲಿ? ಮಾಯಾ ಬಂದು ಮಾಡಿ ತೋರಿಸುವ ಮೊದಲೇ ಸೀಸೆ ತಂದು, ಬಿಸಿ ಅನ್ನಕ್ಕೆ ಚಟ್ನಿಪುಡಿ ಹಾಕಿ, ನಾವು ಕಡಲೆಕಾಯಿ ಎಣ್ಣೆ ಬಿಟ್ಟುಕೊಳ್ಳುವ ಹಾಗೆಯೇ ಹಸಿ ಎಣ್ಣೆ ಸುರಿದಳು. ನನಗೂ ಒಂದು ತುತ್ತು ಕೊಟ್ಟಳು. ಅಯ್ಯೋ ನಮ್ಮಪ್ಪ, ಘಾಟು ನೆತ್ತಿಗೇರಿ ಇಬ್ಬರ ಕಣ್ಣುಮೂಗಿನಲ್ಲೂ ನೀರು. ಮಾಯಾ ನಕ್ಕು ನಕ್ಕು ಸುಸ್ತಾಗಿ, ಬಾಣಲೆಯಲ್ಲಿ ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿ, ಇಳಿಸಿ, ಆಮೇಲೆ ಆಲೂಗಡ್ಡೆ ಪಲ್ಯ ಮಾಡಿದಳು. ಗೌರಕ್ಕ ಬಾಣಲೆ ಕೆರೆದು ತಿಂದಳು. ಅಂದಿನಿಂದ ಆ ಎಣ್ಣೆ ಕೊಳ್ಳುವ ಪ್ರತಿಯೊಬ್ಬರಿಗೂ, ಅದನ್ನೇ ತಿಂದು ಬೆಳೆದ ಒಡಿಶಾದ ಹುಡುಗಿಯರಿಗೂ, ಹೊಗೆ ಬರುವವರೆಗೆ ಕಾಯಿಸಿ ಎಂದು ಪಾಠ ಹೇಳುವುದೇ ಕೆಲಸವಾಯಿತು.

ರಾಜಣ್ಣನಿಗೆ ಮಾತ್ರ ಆ ವಾಸನೆ ಆಗಿಬರಲಿಲ್ಲ. ಒಂದು ಭಾನುವಾರ ಅಂಗಡಿ ಮುಂದೆ ನಿಂತು, ನಾನಿದ್ದೇನೆ ಎಂಬ ಸಂಕೋಚವೂ ಇಲ್ಲದೆ ಶುರು ಮಾಡಿದ. ಹೊರಗಿನವರಿಂದ ನಮ್ಮ ಏರಿಯಾ ಕುಲಗೆಟ್ಟುಹೋಯಿತಂತೆ. ಅತ್ತಿಗೆ ಅವರ ಸಾಮಾನು ಇಡುವುದನ್ನು ನಿಲ್ಲಿಸಬೇಕಂತೆ, ಇಲ್ಲವಾದರೆ ಅಂಗಡಿ ಖಾಲಿ ಮಾಡಬೇಕಂತೆ. ಗೌರಕ್ಕ ತಕ್ಕಡಿ ಒರೆಸುತ್ತಾ ಕೇಳಿದಳು: "ಅವ್ರ ಬಾಡಿಗೇಲಿ ಕಾರ್ ತಗೊಂಡ್ಯಲ್ಲ ರಾಜಣ್ಣ, ಅದ್ರಲ್ಲಿ ಕೂತ್ಕೊಂಡ್ರೆ ವಾಸ್ನೆ ಬರಲ್ವಾ?"

ಅಷ್ಟೇ ಸಾಕಾಯಿತು. ಎಣ್ಣೆ ತೆಗೆಯಲು ಅವಳು ಒಪ್ಪಲಿಲ್ಲ, ಕೊಟ್ಟ ಮಾತು ಉಳಿಸಿಕೊಳ್ಳಲು ಅವನು ಒಪ್ಪಲಿಲ್ಲ. ನಾನು ನ್ಯಾಯ ಹೇಳಹೋದರೆ ಇದು ನಮ್ಮ ಮನೆಯ ವಿಷಯ ಎಂದ. ಮಾತು ಕೊಟ್ಟಾಗ ಸಾಕ್ಷಿಗಿದ್ದ ಹತ್ತು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಥೂ, ಇವರದೂ ಒಂದು ಹಿರಿತನವೇ! ಗೌರಕ್ಕ ಕೆಂಗೇರಿಯಲ್ಲಿದ್ದ ತಂಗಿಯ ಮನೆ ಸೇರಿದಳು.

ವರ್ಷ ತುಂಬುವುದರೊಳಗೆ ಅದೇ ಜಾಗದಲ್ಲಿ ಗಾಜಿನ ಬಾಗಿಲಿನ ದೊಡ್ಡ ಮಾರ್ಟ್ ಬಂತು. ಒಳಗೆ ಹೋದರೆ ಕಣ್ಣೆದುರಿಗೇ ಸಾಲಾಗಿ ಸಾಸಿವೆ ಎಣ್ಣೆ, ಪಕ್ಕದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಜೋಳದ ರೊಟ್ಟಿ. ರಾಜಣ್ಣ ಬಾಗಿಲಲ್ಲೇ ನಿಂತು, ಎಲ್ಲ ಕಡೆಯದೂ ಈಗ ನಮ್ಮ ಬಿಲ್ಡಿಂಗಿನಲ್ಲೇ ಸಿಗುತ್ತದೆ ಎಂದು ಹಲ್ಲು ಕಿರಿದ. ನನಗೆ ಮೈಯೆಲ್ಲ ಉರಿದುಹೋಯಿತು. ಈಗ ವಾಸನೆ ಬರುವುದಿಲ್ಲವೇ ಎಂದು ಕೇಳಿಯೇಬಿಟ್ಟೆ.

"ಇದು ಬ್ರಾಂಡೆಡ್ಡು ಮೇಡಂ" ಎಂದ.

ಆ ಸಿಟ್ಟಿನಲ್ಲೇ ಕೆಂಗೇರಿಗೆ ಹೋದೆ. ಗೌರಕ್ಕ ಹಾಸಿಗೆ ಹಿಡಿದಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಅಲ್ಲಿ ಯಾರಾದರೂ ತಿಂದು ನೋಡಿ ಮಾರುತ್ತಾರಾ ಎಂದಳು. ಇಲ್ಲ ಎಂದೆ. ಹೊಗೆ ಬರುವವರೆಗೆ ಕಾಯಿಸಿ ಎಂದಾದರೂ ಹೇಳುತ್ತಾರಾ ಎಂದಳು. ಅದೂ ಇಲ್ಲ ಎಂದೆ.

"ಹಂಗಾದ್ರೆ ಅದು ಅಂಗ್ಡಿ ಅಲ್ಲ ಕಣೇ, ಗೋಡೌನು" ಎಂದು ಗೋಡೆಯ ಕಡೆ ಹೊರಳಿದಳು. ಅವಳಿಂದ ನಾನು ಕೇಳಿದ ಕೊನೆಯ ಮಾತು ಅದೇ.

ತಂಗಿಯ ಮನೆಯಲ್ಲಿ ನಡೆದ ಅವಳ ತಿಥಿಗೆ ರಾಜಣ್ಣ ಬಿಳಿ ಪಂಚೆಯುಟ್ಟು ಯಜಮಾನಿಕೆ ಮಾಡಲು ಬಂದಿದ್ದ. ಸತ್ತವರಿಗೆ ಇಷ್ಟವಾದದ್ದನ್ನು ಎಡೆಗಿಡುವುದು ನಮ್ಮ ಪದ್ಧತಿ. ಇಟ್ಟದ್ದನ್ನು ಮನೆಯವರು ತಿನ್ನಲೇಬೇಕು. ಮಾಯಾ ಡಬ್ಬಿ ಹಿಡಿದು ಗೇಟಿನ ಹತ್ತಿರವೇ ನಿಂತಿದ್ದಳು. ನಾನು ಅವಳನ್ನು ಕೈಹಿಡಿದು ಒಳಗೆ ಕರೆತಂದು, ಎಡೆಯ ಎಲೆಗೆ ಅವಳ ಕೈಯಿಂದಲೇ ಆ ಸಾಸಿವೆ ಎಣ್ಣೆಯ ಆಲೂಗಡ್ಡೆ ಪಲ್ಯ ಹಾಕಿಸಿದೆ. ಊಟಕ್ಕೆ ಕೂತಾಗ ಎಡೆಯಿಂದ ತೆಗೆದು ಮೊದಲು ಹಾಕಿದ್ದು ರಾಜಣ್ಣನ ಎಲೆಗೆ. ಅವನು ತಿಂದ. ಇನ್ನೊಂದಿಷ್ಟು ಹಾಕಿಸಿಕೊಂಡು ತಿಂದ. ಚೆನ್ನಾಗಿದೆಯಲ್ಲ, ಯಾವ ಕೇಟರಿಂಗಿನವರು ಎಂದು ಕೇಳಿದ.

"ನೀವು ಹೊರಗೆ ಹಾಕಿದ್ರಲ್ಲ, ಆ ಅಂಗಡಿಯವ್ರು" ಎಂದೆ.