ಕಾಕು ಬಯಲಿಗೆ ಅಡ್ಡ ಕಟ್ಟಿದ ಹಾಸು

ಮೊನ್ನಿ ಬಾಗಲಕೋಟಿ ನವನಗರದಾಗ ಇಸ್ತ್ರಿ ಅಂಗಡಿ ಮುಂದ ನಿಂತಿದ್ನಿ. ಗಂಜಿ ವಾಸನಿ ಗಪ್ಪನ ಮೂಗಿಗೆ ಬಡೀತು. ಬಿಸಿ ಗಂಜಿ, ಒಂಚೂರು ಹುಳಿ ಹುಳಿ... ಇಸ್ತ್ರಿಯವ ಏನೋ ಕೇಳಾಕತ್ತಿದ್ದ, ನಾ ಮಾತ್ರ ಇಳಕಲ್ಲಿನ ನಮ್ಮ ಓಣಿಯೊಳಗ ಇದ್ನಿ. ಬಾಜೂಮನಿ ಕಾಕು ಕಣ್ಮುಂದ ಬಂದ್ಲು.

ಕಾಕು ಸೀರಿ ನೇಯಾಕಿ. ಗಂಡ ಸತ್ತ ಮ್ಯಾಲೂ ಮಗ್ಗ ಬಿಟ್ಟಾಕಿ ಅಲ್ಲ. ನಮ್ಮ ಓಣಿ ಹಿಂದ ಒಂದು ಬಯಲಿತ್ತು. ಮುಂಜಾನೆದ್ದು ಅಲ್ಲಿ ಗೂಟ ನೆಟ್ಟು, ಸೀರಿ ಹಾಸಿನ ನೂಲು, ಅಂದ್ರ ಮಗ್ಗಕ್ಕ ಏರಿಸೂ ಉದ್ದೆಳಿ, ಉದ್ದಕ ಎಳದು ಕಟ್ಟಿ, ಗಂಜಿ ಸವರಿ ಒಣಗಸ್ತಿದ್ರು. ಆ ಬಯಲಿಲ್ಲಂದ್ರ ಓಣಿಯ ಒಂದು ಮಗ್ಗನೂ ನಡೀತಿರಲಿಲ್ಲ. ಆದ್ರ ಬಯಲು ನಮ್ಮದಲ್ಲ, ಹುಬ್ಬಳ್ಳಿ ಸಾವಕಾರರದು. ಅವ್ರು ಕೇಳಲಿಲ್ಲ, ನಾವು ಹೇಳಲಿಲ್ಲ.

ನಾ ಕಾಲೇಜಿಗೆ ಹೋಗೂ ಕಾಲಕ್ಕ, ಎಂಬತ್ತರ ಸುಮಾರಿಗೆ, ಗೋವಾ ಕಡಿಂದ ಒಬ್ಬ ಸಾಹೇಬ ಬಂದ. ಸಮುದ್ರದ ದಂಡಿಗುಂಟ ಹೋಟೆಲ್ ಕಟ್ಟಿಸಿದ್ದು ಸಾಲಲಿಲ್ಲೇನೋ, ಬದಾಮಿ, ಐಹೊಳಿ ನೋಡಾಕ ಬರೂ ಫಾರಿನ್ ಮಂದಿಗೆ ಈ ಬಯಲಾಗ ರೆಸಾರ್ಟ್ ಮಾಡ್ತಾನಂತ, ಸುತ್ತಲೂ ಬಂಗಲೆ ಪ್ಲಾಟಂತ! ಅವ ತೋರಿಸಿದ ಚಿತ್ರದಾಗ ತೆಂಗಿನ ಗಿಡ, ಈಜೂ ಹೊಂಡ, ದೊಡ್ಡ ಛತ್ರಿ ಕೆಳಗ ಅಡ್ಡಾದ ಮಂದಿ. ನಮಗ ಕುಡಿಯೂ ನೀರು ಬರೂದು ನಳ ಮನಸ್ಸು ಮಾಡಿದಾಗ.

"ಸಮುದ್ರನೂ ಜೋಡಿ ತರ್ತಾನೇನ ಇವ?" ಅಂದ್ಲು ಕಾಕು. ಓಣಿಯೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕಿತು. ಸಾವಕಾರರು ಮಾರಾಕ ಒಪ್ಪ್ಯಾರಂತ ಗೊತ್ತಾದ ಮ್ಯಾಲ ಯಾರೂ ನಗಲಿಲ್ಲ.

ಗಡಿಕಲ್ಲು ನೆಡೂ ದಿನ ಸಾಹೇಬನ ಜೀಪ್ ಬಂತು. ಕಾಕು ಅಷ್ಟರಾಗ ಬಯಲಿನ ಬಾಯಿಗೇ ಅಡ್ಡ ಹಾಸು ಕಟ್ಟಿಬಿಟ್ಟಿದ್ಲು, ಈ ಗೋಡಿಯಿಂದ ಆ ಗೋಡಿತನಕ. ಹಸಿ ಹಾಸು ನಮ್ಮಲ್ಲಿ ಯಾರೂ ದಾಟೂದಿಲ್ಲ, ಸಣ್ಣ ಕೂಸಿಗೂ ಗೊತ್ತಿದ್ದ ಮಾತು. ಜೀಪಿನ ಡ್ರೈವರ್ ಗುಳೇದಗುಡ್ಡದವ, ನೇಕಾರರ ಮನ್ಯಾಗ ಹುಟ್ಟಿದವ. ಇಂಜಿನ್ ಬಂದ್ ಮಾಡಿ ಕೈಕಟ್ಟಿ ಕುಂತ.

"ನಾ ದಾಟಂಗಿಲ್ರಿ ಸಾಹೇಬ್ರ. ನೌಕರಿ ಹೋದ್ರ ಹೋಗ್ಲಿ."

ಸಾಹೇಬ ತಾನೇ ಇಳಿದು ಬೂಟುಗಾಲು ಎತ್ತಿದ. ಓಣಿ ಮಂದಿ ಸುತ್ತಗಟ್ಟಿದ್ದು ನೋಡಿ ಮೆಲ್ಲಕ ಇಳಿಸಿದ. ಯಾವಾಗ ಒಣಗತೈತಿ ಅಂತ ಕೇಳಿದ.

"ಒಣಗತೈತಿ, ಕುಂದರ್ರಿ," ಅಂದಾಕಿ, ಒಣಗಿದ ನೂಲಿಗೆ ಮತ್ತ ಗಂಜಿ ಸವರಿದ್ಲು. ಅದು ಒಣಗಿತು, ಮತ್ತ ಸವರಿದ್ಲು. ಹಂಗ ಗಂಜಿ ಕುಡದ ನೂಲು ಕಟ್ಟಿಗಿ ಆಗತೈತಿ, ಮಗ್ಗಕ್ಕ ಏರಿಸಿದ್ರ ಪಟಪಟ ಹರೀತೈತಿ. ಅದು ಆಕಿ ಹೊಟ್ಟಿ ಅನ್ನ.

"ಕಾಕು, ಹಾಸು ಕೆಡತೈತಲ್ಲ!"

"ಕೆಡ್ಲಿ ಬಿಡವಾ. ನೂಲು ಮತ್ತ ತರ್ತೇನಿ. ಬಯಲು ಎಲ್ಲಿಂದ ತರ್ಲಿ?"

ಮರುದಿನ ಓಣಿಯ ಹೆಂಗಸರೆಲ್ಲಾ ತಂತಮ್ಮ ಹಾಸು ತಂದು ಕಟ್ಟಿದ್ರು. ಅದರ ಮರುದಿನಾನೂ. ಕಡೀಕ ಸಾವಕಾರರೇ, ಈ ರಗಳಿ ನನಗ ಬ್ಯಾಡಪ್ಪಾ ಅಂತ ಮಾರೂದು ಕೈಬಿಟ್ರು. ಸಾಹೇಬ ತನ್ನ ಚಿತ್ರ ಸುತ್ತಿಕೊಂಡು ಹೋದ. ಕೆಟ್ಟ ಹಾಸನ್ನ ಕಾಕು ಮಡಚಿ ಅಟ್ಟದ ಮ್ಯಾಲ ಒಗೆದು, ಸಾಲಾ ಮಾಡಿ ಹೊಸಾ ನೂಲು ತಂದ್ಲು. ಒಂದು ದಿನಾನೂ ಅದರ ಮಾತು ಎತ್ತಲಿಲ್ಲ.

ಆಕಿ ಇರೂತನಕ ಆ ಬಯಲಾಗ ಯಾರೂ ಕಲ್ಲು ನೆಡಲಿಲ್ಲ. ಆಕಿ ಹೋದ್ಲು, ಒಂದೊಂದ ಮಗ್ಗ ನಿಂತ್ವು... ಹಾಸು ಕಟ್ಟಾವರೇ ಉಳೀಲಿಲ್ಲ.

ಇಸ್ತ್ರಿ ಅರಿವಿ ತಗೊಂಡಾಕಿ ಮನಿಗೆ ಹೋಗಲಿಲ್ಲ, ಸೀದಾ ಇಳಕಲ್ ಬಸ್ ಹತ್ತಿದ್ನಿ. ಬಯಲಿದ್ದಲ್ಲಿ ಈಗ ಯಾರದೋ ಮೂರು ಅಂತಸ್ತಿನ ಲಾಡ್ಜ್. ಒಳಗ ಒಂದು ನರಪಿಳ್ಳಿ ಇಲ್ಲ. ವಾಚ್‌ಮನ್ ಎದ್ದು ಬಂದು, "ಎಲ್ಲಾ ರೂಮು ಖಾಲಿ ಅದಾವ್ರಿ ಅಕ್ಕಾರ, ಯಾವ್ದರ ತಗೋರಿ," ಅಂದ.

"ಖಾಲಿ ಇಡಾಕ ನಮ್ಮ ಬಯಲ ಬೇಕಾಗಿತ್ತೇನು?" ಅಂದ್ನಿ. ನನ್ನ ದನಿ ಒಡೀತು, ಕಣ್ಣಾಗ ನೀರು ಬಂತು. ಆದ್ರೂ ಬಿಡಲಿಲ್ಲ, ಓಣಿಗೆ ಕೇಳೂಹಂಗ ಇನ್ನೊಮ್ಮಿ ಅಂದ್ನಿ.