ಪ್ಯಾಕೆಟ್ಟಿನ ಮೇಲಿನ ಮುಖ

ಹೋದ ವಾರ ಚಿಕ್ಕಮಗಳೂರಿನಲ್ಲಿ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಕಾಫಿಪುಡಿಯ ಹೊಸ ಪ್ಯಾಕೆಟ್ ಕತ್ತರಿಸಿದ್ದೇ ತಡ, ಬೆಲ್ಲ ಸೀದಂಥ ವಾಸನೆ ಹೊರಗಿನವರೆಗೂ ಬಂತು. ಚಿಕೋರಿ ಜಾಸ್ತಿ ಬಿದ್ದ ಪುಡಿಯ ವಾಸನೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ. ಎಷ್ಟೋ ವರ್ಷದ ಹಿಂದಿನ ಸಿಟ್ಟು ಹಾಗೇ ನೆತ್ತಿಗೇರಿತು...

ತೊಂಬತ್ತರ ದಶಕದಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ವಿಡಿಯೋ ಕ್ಯಾಸೆಟ್ ಅಂಗಡಿ ಇತ್ತು. ಪಕ್ಕದಲ್ಲೇ ಕಾಫಿಪುಡಿ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದನ್ನು ಒಬ್ಬರೇ ನಡೆಸುತ್ತಿದ್ದವರನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಹಣೆಯಲ್ಲಿ ವಿಭೂತಿ, ಮೊಣಕೈವರೆಗೂ ಪುಡಿ. ನಗು ಕಡಿಮೆ. ಬೀಜ ಹೆಚ್ಚು ಹುರಿದುಹೋದ ದಿನ ಅವರೇ ಬಾಗಿಲಿಗೆ ಬಂದು ಹೇಳುತ್ತಿದ್ದರು: "ಇವತ್ತಿಂದು ಕಪ್ಪಾಗಿದೆ. ಕಹಿ ಬರ್ತದೆ. ನಾಳೆ ಬನ್ನಿ." ಜೀಪಿನಲ್ಲಿ ಬಂದ ತೋಟದ ಯಜಮಾನರಿಗೂ ಇದೇ ಮಾತು. ಕೆಲವರು ಗೊಣಗುತ್ತಿದ್ದರು, ಮಾರನೇ ದಿನ ಬರುತ್ತಿದ್ದರು.

ಒಂದು ಡಿಸೆಂಬರಿನಲ್ಲಿ ಬಯಲುಸೀಮೆಯ ಯಾವುದೋ ಕಂಪನಿಯ ಸಾಹೇಬನೊಬ್ಬ ಊರಿನ ಅಂಗಡಿಯವರನ್ನೆಲ್ಲ ಲಾಡ್ಜಿನ ಹಾಲಿಗೆ ಕರೆದ. ವ್ಯಾಪಾರದ ಪಾಠವಂತೆ. ನನ್ನಿಂದ ಟೀವಿ, ವೀಸಿಆರ್ ಜೊತೆಗೆ ಒಂದು ಹಳೆಯ ಇಂಗ್ಲಿಷ್ ಸಿನಿಮಾವನ್ನೂ ಬಾಡಿಗೆಗೆ ತೆಗೆದುಕೊಂಡ. ಕ್ರಿಸ್‌ಮಸ್ ರಜೆ ಬಂತೆಂದರೆ ಎಸ್ಟೇಟ್ ಬಂಗಲೆಗಳವರು ಪ್ರತಿ ವರ್ಷ ಕೇಳಿ ಒಯ್ಯುತ್ತಿದ್ದ ಸಿನಿಮಾ ಅದು. ಹಿಮ ಬೀಳುವ ಊರು, ಒಬ್ಬ ಮುದುಕನ ಬೇಕರಿ. ಹಬ್ಬದ ಹಿಂದಿನ ದಿನ ಕೇಕು ಸರಿಯಾಗಿಲ್ಲವೆಂದು ಮುದುಕ ಗಿರಾಕಿಗಳನ್ನೆಲ್ಲ ವಾಪಸ್ ಕಳಿಸುತ್ತಾನೆ. ಮಾರನೇ ಬೆಳಿಗ್ಗೆ ಊರಿಗೆ ಊರೇ ಅವನ ಬಾಗಿಲಲ್ಲಿ ಸಾಲು ನಿಲ್ಲುತ್ತದೆ.

ಸಾಹೇಬ ಅಲ್ಲಿಗೆ ಚಿತ್ರ ನಿಲ್ಲಿಸಿದ. "ನೋಡಿದ್ರಾ? ಒಂದು ದಿನ ಲಾಸ್ ಮಾಡ್ಕೊಂಡ, ಜನ್ಮಪೂರ್ತಿ ಗಿರಾಕಿ ಹಿಡ್ಕೊಂಡ. ಪ್ರಾಮಾಣಿಕತೆಗಿಂತ ದೊಡ್ಡ ಜಾಹೀರಾತಿಲ್ಲ." ಎಲ್ಲರೂ ಚಪ್ಪಾಳೆ ತಟ್ಟಿದರು.

ಅಕ್ಕ ಮಾತ್ರ ಕೇಳಿದರು: "ಅವನು ಗಿರಾಕಿ ಹಿಡಿಯೋಕೆ ಹಂಗೆ ಮಾಡಿದ್ದಲ್ಲ ಅಲ್ವಾ? ಕೇಕು ಕೆಟ್ಟಿತ್ತು, ಅದಕ್ಕೆ ಹೇಳಿದ."

ಹಾಲ್ ತುಂಬ ನಗು. ಸಾಹೇಬ ನಗಲಿಲ್ಲ, ಅವರನ್ನೇ ನೋಡುತ್ತಿದ್ದ. ಮಾರನೇ ದಿನ ಪುಡಿ ಅಂಗಡಿಗೆ ಬಂದು ಕೂತ. ಅಕ್ಕನ ಫೋಟೋ ಹಾಕಿ, ಅಕ್ಕನ ಹದದಲ್ಲೇ ಕಂಪನಿಯಲ್ಲಿ ಪುಡಿ ಮಾಡಿಸಿ, ಪ್ಯಾಕೆಟ್ ಕಟ್ಟಿ ಜಿಲ್ಲೆಗೆಲ್ಲ ಮಾರುವ ಮಾತು.

"ನಾನು ಹೇಳಿದ ಹದವೇ ಇರ್ಬೇಕು. ಬೇರೆ ಎಂತದೂ ಸೇರಿಸ್ಬಾರ್ದು" ಎಂದರು ಅಕ್ಕ. ಆತ ಕೈಮುಗಿದು ಒಪ್ಪಿದ. ಒಳ್ಳೆಯ ಪುಡಿ ನಾಲ್ಕು ಮನೆಗೆ ಹೋಗಲಿ ಎಂಬ ಆಸೆ ಅವರದು, ಅದರಲ್ಲಿ ಏನು ತಪ್ಪು?

ಮೊದಮೊದಲು ಸರಿಯಾಗಿಯೇ ಇತ್ತು. ಕಳಸ, ಹೊರನಾಡಿನ ಅಂಗಡಿಗಳಲ್ಲೂ ಅಕ್ಕನ ಮುಖ ತೂಗುತ್ತಿತ್ತು. ಆಮೇಲೊಂದು ದಿನ ಶಾಲೆಯ ಟೀಚರೊಬ್ಬರು ಪ್ಯಾಕೆಟ್ ತಂದು ಮೇಜಿನ ಮೇಲಿಟ್ಟರು. "ನಿಮ್ಮ ಮುಖ ನೋಡಿ ತಗೊಂಡೆ ಅಕ್ಕ. ಇದೆಂತ ಪುಡಿ?" ಅಕ್ಕ ಚಿಟಿಕೆ ಪುಡಿ ನಾಲಿಗೆಗಿಟ್ಟುಕೊಂಡರು. ಚಿಕೋರಿ ಬೆರೆತಿತ್ತು. ನನ್ನ ಅಂಗಡಿಗೆ ಬಂದು ಸಾಹೇಬನಿಗೆ ಫೋನ್ ಹಚ್ಚಿದರು. ಸಾಹೇಬನ ದನಿ ನನಗೂ ಕೇಳುತ್ತಿತ್ತು. "ಮೇಡಂ, ಸಿನಿಮಾದ ಪಾಠ ಮರೆತ್ರಾ? ನಂಬಿಕೆ ಬಂದ್ಮೇಲೆ ಜನ ರುಚಿ ನೋಡಲ್ಲ, ಮುಖ ನೋಡ್ತಾರೆ."

ಅಕ್ಕ ಫೋನ್ ಇಟ್ಟರು. "ಅವನಿಗೆ ಆ ಸಿನಿಮಾ ಎಂತ ಅಂತಲೇ ಗೊತ್ತಾಗ್ಲಿಲ್ಲ ಮಾರಾಯ" ಎಂದರು.

ಸಂತೆಯ ದಿನ ಅವರು ಬೀದಿಯ ನಡುವೆ ಪ್ಯಾಕೆಟ್ ಎತ್ತಿ ಹಿಡಿದು ನಿಂತರು. "ಇದರ ಮೇಲಿರೋದು ನನ್ನ ಮುಖ. ಒಳಗಿರೋದು ನನ್ನ ಪುಡಿ ಅಲ್ಲ. ಯಾರೂ ತಗೋಬೇಡಿ!" ಯಾವತ್ತೂ ಗಟ್ಟಿಯಾಗಿ ಮಾತಾಡದ ಹೆಂಗಸು ಗಂಟಲು ಹರಿಯುವಂತೆ ಕೂಗಿದರು. ಸುತ್ತ ಜನ ಸೇರಿದರು. ಆಗ, ಲಾಡ್ಜಿನ ಹಾಲಿನಲ್ಲಿ ಮುಂದಿನ ಸಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದ ದಿನಸಿ ಅಂಗಡಿಯವನು ನಕ್ಕ. "ಇದೂ ಆ ಸಿನಿಮಾದ್ದೇ ಗಿಮಿಕ್ಕು. ನಾಳೆ ತನ್ನಂಗಡಿ ಮುಂದೆ ಸಾಲು ನಿಲ್ಲಿಸ್ಕೊಳ್ಳೋಕೆ!"

ಜನರೂ ನಕ್ಕು ಚದುರಿದರು. ಅಕ್ಕ ಎತ್ತಿದ ಕೈ ಇಳಿಸುವುದನ್ನೂ ಮರೆತು ನಿಂತಿದ್ದರು... ಕಂಪನಿಯವನದು ಮೋಸ, ಸರಿ, ಅವನು ಬಂದದ್ದೇ ಅದಕ್ಕೆ. ಆದರೆ ಹತ್ತಾರು ವರ್ಷ ಆ ಹೆಂಗಸಿನ ಕೈಯ ಪುಡಿ ಕುಡಿದ ಈ ಊರಿಗೆ ಏನಾಗಿತ್ತು? ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅದೂ ವ್ಯಾಪಾರದ ಉಪಾಯ ಎಂದು ನಂಬುವಷ್ಟು ಚೆನ್ನಾಗಿ ಪಾಠ ಕಲಿತಿತ್ತು! ಒಬ್ಬನೂ ಅವರ ಪರವಾಗಿ ಮಾತಾಡಲಿಲ್ಲ. ನಾನು ಆ ದಿನಸಿಯವನ ಕೊರಳಪಟ್ಟಿ ಹಿಡಿದೆ. ನಾಲ್ಕು ಜನ ಬಂದು ಬಿಡಿಸಿದರು. ಅಷ್ಟೇ ಆದದ್ದು.

ಪ್ಯಾಕೆಟ್ ಮಾರಾಟ ನಿಲ್ಲಲಿಲ್ಲ. ಪುಡಿ ಕೆಟ್ಟಿದೆ ಎನ್ನುವವರೆಲ್ಲ ಅಕ್ಕನನ್ನೇ ಬೈದರು, ಅವರ ಅಂಗಡಿಗೂ ಬರುವುದು ಬಿಟ್ಟರು. ವರ್ಷದೊಳಗೆ ಅವರು ಪುಡಿ ಮಾಡುವ ಮಿಷನ್ ಮಾರಿ ಸಂಸೆಯಲ್ಲಿದ್ದ ತಂಗಿಯ ಮನೆ ಸೇರಿದರು. ಒಮ್ಮೆ ನೋಡಲು ಹೋದೆ. ಆದದ್ದಾಯಿತು, ಮರೆತುಬಿಡಿ ಅಕ್ಕ ಎಂದೆ.

"ಯಾಕೆ ಮರೀಬೇಕು?" ಎಂದರು ಥಟ್ಟನೆ. "ನಂಗೆ ಸಿಟ್ಟು ಹೋಗ್ಲಿಲ್ಲ. ನೀನೂ ಮರೀಬೇಡ."

ಅಕ್ಕ ತೀರಿಕೊಂಡ ಮೇಲೂ ಎಷ್ಟೋ ಕಾಲ ಆ ಪ್ಯಾಕೆಟ್ಟುಗಳು ಅಂಗಡಿಗಳಲ್ಲಿ ತೂಗುತ್ತಿದ್ದವು. ಆಮೇಲೆ ಕಂಪನಿಯೂ ಮುಚ್ಚಿತೋ, ಹೆಸರು ಬದಲಿಸಿತೋ, ನಾನು ವಿಚಾರಿಸಲಿಲ್ಲ. ಈಗಲೂ ಆ ಕಡೆ ಹೋದರೆ ಅವರ ತಂಗಿಯನ್ನು ಮಾತಾಡಿಸಿಕೊಂಡು ಬರುತ್ತೇನೆ. ನಡುಮನೆಯ ಗೋಡೆಯಲ್ಲಿ ಅಕ್ಕನ ಫೋಟೋಕ್ಕೆ ಹಾರ ಹಾಕಿದ್ದಾರೆ. ಕಂಪನಿಯವರು ಪ್ಯಾಕೆಟ್ಟಿಗೆಂದು ತೆಗೆಸಿದ್ದ ಫೋಟೋ ಅದು, ಬೇರೆ ಒಂದೂ ಇಲ್ಲವಂತೆ. ಫೋಟೋದವನು ಮತ್ತೆ ಮತ್ತೆ ಹೇಳಿದ ಮೇಲೆ ಅಕ್ಕ ಹಲ್ಲು ಕಾಣುವಂತೆ ನಕ್ಕಿದ್ದಾರೆ. ನಾನು ಕಂಡ ಅಕ್ಕ ಯಾವತ್ತೂ ಹಾಗೆ ನಕ್ಕವರಲ್ಲ. ನಗು ಕಾಣದ ಆ ನಿಜದ ಮುಖ ನೆನಪಿರುವವರು ಈಗ ಅವರ ತಂಗಿ ಮತ್ತು ನಾನು, ಇಬ್ಬರೇ.